ಚಹಾದ ಒಗರು ಮತ್ತು ಹಲ್ಲಿನ ಹುಳುಕು

ಬಳ್ಳಾರಿಯಿಂದ ಹೊಸಪೇಟೆಯತ್ತ ಹೊರಟರೆ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಉಷ್ಣ ವಿದ್ಯುತ್ ಸ್ಥಾವರವಿರುವ ಈ ಊರಿನಲ್ಲಿಯೂ, ನಾಡಿನ ಉಳಿದ ಊರುಗಳಂತೆ, ಬೆಳಗಾಗುವುದು ಒಂದು ಲೋಟ ಚಹಾದಿಂದ. ಚಹಾ ಕುಡಿದರೆ ಹಲ್ಲಿಗೆ ಕಂದು ಕರೆ ಕಟ್ಟುತ್ತದೆಂದು ನಿಮಗೆ ಗೊತ್ತು. ಅದೇ ಚಹಾ ಹಲ್ಲಿನ ಹುಳುಕನ್ನು ತಡೆಯಬಲ್ಲದು ಎಂದರೆ ನಂಬುವಿರಾ? ಇದು ನಿಜ. ಆದರೆ ಚಹಾಕ್ಕೆ ಏನು ಬೆರೆಸಿದ್ದೀರಿ, ಯಾವ ನೀರಿನಲ್ಲಿ ಕುದಿಸಿದ್ದೀರಿ ಎಂಬುದೂ ಅಷ್ಟೇ ಮುಖ್ಯ.

ಹುಳುಕಿಗೆ ಕಾರಣವೇನು?

ಹುಳುಕು ಹಲ್ಲಿನಲ್ಲಿ ಹುಳುವಿರುವುದಿಲ್ಲ, ಇರುವುದು ಬ್ಯಾಕ್ಟೀರಿಯ. ಇವುಗಳಲ್ಲಿ ಮುಖ್ಯವಾದುದು ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್. ಇದನ್ನು 1924ರಲ್ಲಿ ಕ್ಲಾರ್ಕ್ ಎಂಬ ವಿಜ್ಞಾನಿ ಹುಳುಕು ಹಲ್ಲುಗಳಿಂದ ಬೇರ್ಪಡಿಸಿದರು. ಈ ಬ್ಯಾಕ್ಟೀರಿಯ ನಾವು ತಿಂದ ಸಕ್ಕರೆಯಿಂದ ಎರಡು ವಸ್ತುಗಳನ್ನು ತಯಾರಿಸುತ್ತದೆ. ಒಂದು, ಗ್ಲುಕಾನ್ ಎಂಬ ಅಂಟು. ಇದರ ನೆರವಿನಿಂದ ಅದು ಹಲ್ಲಿನ ಮೇಲೆ ಬಿಗಿಯಾಗಿ ನೆಲೆಯೂರುತ್ತದೆ. ಎರಡು, ಲ್ಯಾಕ್ಟಿಕ್ ಆಮ್ಲ. ಹಲ್ಲಿನ ಮೇಲ್ಮೈಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗತೊಡಗುತ್ತವೆ. ಇದೇ ಹುಳುಕಿನ ಆರಂಭ.

ಒಗರಿನ ಗುಟ್ಟು

ಸಕ್ಕರೆ, ಹಾಲು ಹಾಕದ ಚಹಾದ ಡಿಕಾಕ್ಷನ್ನನ್ನು ಒಂದು ಗುಟುಕು ಕುಡಿದು ನೋಡಿ. ನಾಲಿಗೆ ಒಗರಾಗುತ್ತದೆ. ಚಹಾದಲ್ಲಿರುವ ಪಾಲಿಫೀನಾಲ್‌ಗಳು ಲಾಲಾರಸದ ಪ್ರೋಟೀನುಗಳಿಗೆ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಹಸಿರು ಚಹಾದಲ್ಲಿ ಇವು ಕೆಟೆಚಿನ್‌ಗಳ ರೂಪದಲ್ಲಿರುತ್ತವೆ. ಕಪ್ಪು ಚಹಾ ತಯಾರಾಗುವಾಗ ಉತ್ಕರ್ಷಣಗೊಂಡು ಥಿಯಾಫ್ಲೇವಿನ್, ಥಿಯಾರೂಬಿಜಿನ್‌ಗಳಾಗುತ್ತವೆ.

ಬ್ಯಾಕ್ಟೀರಿಯದ ಕಿಣ್ವಗಳೂ ಪ್ರೋಟೀನುಗಳೇ ಅಲ್ಲವೇ? ಗ್ಲುಕಾನ್ ತಯಾರಿಸುವ ಕಿಣ್ವಕ್ಕೆ ಪಾಲಿಫೀನಾಲ್‌ಗಳು ಅಂಟಿಕೊಂಡಾಗ ಅದರ ಕೆಲಸ ಕುಂಠಿತವಾಗುತ್ತದೆ. ಅಂಟು ಕಡಿಮೆಯಾದರೆ ಬ್ಯಾಕ್ಟೀರಿಯಕ್ಕೆ ಹಲ್ಲಿನ ಮೇಲೆ ಹಿಡಿತ ಸಿಗದು. ಇಲಿನಾಯ್ ವಿಶ್ವವಿದ್ಯಾಲಯದ ಕ್ರಿಸ್ಟೀನ್ ವೂ ಮತ್ತು ಸಂಗಡಿಗರು 2001ರಲ್ಲಿ ಇಂಥದೊಂದು ಪ್ರಯೋಗದ ಫಲಿತಾಂಶವನ್ನು ಮಂಡಿಸಿದರು. ಕಪ್ಪು ಚಹಾದಿಂದ 30 ಸೆಕೆಂಡುಗಳಂತೆ ಐದು ಬಾರಿ ಬಾಯಿ ಮುಕ್ಕಳಿಸಿದವರಲ್ಲಿ ದಂತಲೋಳೆಯ ಬ್ಯಾಕ್ಟೀರಿಯಗಳ ಬೆಳವಣಿಗೆಯೂ ಆಮ್ಲದ ತಯಾರಿಕೆಯೂ ತಗ್ಗಿದ್ದವು.

ನಮ್ಮ ಲೋಟದಲ್ಲಿ ಆಗುವುದೇನು?

ಈಗ ಅದೇ ಡಿಕಾಕ್ಷನ್ನಿಗೆ ಹಾಲು ಬೆರೆಸಿ ರುಚಿ ನೋಡಿ. ಒಗರು ಇಳಿದಿರುತ್ತದೆ. ಹಾಲಿನ ಕೇಸಿನ್ ಎಂಬ ಪ್ರೋಟೀನು ಪಾಲಿಫೀನಾಲ್‌ಗಳನ್ನು ಹಿಡಿದಿಟ್ಟುಕೊಂಡಿದೆ ಎಂದರ್ಥ. ಕಿಣ್ವಗಳಿಗೆ ಅಂಟಲು ಉಳಿಯುವ ಪಾಲು ಕಡಿಮೆ. ಎರಡು ಲೋಟಗಳ ಈ ಸರಳ ಪ್ರಯೋಗವನ್ನು ತರಗತಿಯಲ್ಲಿಯೇ ಮಾಡಬಹುದು. ಹಾಲಿನಿಂದ ಹಲ್ಲಿಗೆ ಕೆಡುಕೇನೂ ಇಲ್ಲ. ತೊಂದರೆ ಇರುವುದು ಸಕ್ಕರೆಯಲ್ಲಿ. ದಿನಕ್ಕೆ ನಾಲ್ಕೈದು ಸಲ ಸಿಹಿ ಚಹಾ ಕುಡಿದರೆ, ಬ್ಯಾಕ್ಟೀರಿಯಕ್ಕೆ ಅಷ್ಟು ಸಲವೂ ಊಟ ಬಡಿಸಿದಂತೆ. ಪ್ರತಿ ಸಲವೂ ಪಿಎಚ್ ಕುಸಿದು, ಮತ್ತೆ ಮೇಲೇರಲು ಅರ್ಧ ಗಂಟೆಗೂ ಹೆಚ್ಚು ಕಾಲ ಬೇಕಾಗಬಹುದು.

ನೀರಿನ ಪ್ರಶ್ನೆ

ಚಹಾ ಗಿಡವು ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಗಳಲ್ಲಿ ಸಂಗ್ರಹಿಸುತ್ತದೆ. ಬಲಿತ ಎಲೆಗಳಲ್ಲಿ ಇದು ಹೆಚ್ಚು. ಅಲ್ಪ ಪ್ರಮಾಣದ ಫ್ಲೋರೈಡು ಎನಾಮಲ್ಲಿಗೆ ಆಮ್ಲವನ್ನು ತಾಳುವ ಬಲ ನೀಡುತ್ತದೆ. ಇದು ಚಹಾದ ಇನ್ನೊಂದು ಗುಣ. ಆದರೆ ಬಳ್ಳಾರಿ ಜಿಲ್ಲೆಯಲ್ಲಿ ಈ ಗುಣವೇ ದೋಷವಾಗಬಹುದು. ಇಲ್ಲಿನ ಗ್ರಾನೈಟ್, ನೈಸ್ ಶಿಲೆಗಳ ನಡುವಿನ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡು ಮಿತಿ ಮೀರಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡು ಒಪ್ಪಬಹುದಾದ ಮಟ್ಟ. ಬೇರೆ ನೀರಿಲ್ಲದಿದ್ದರೆ ಗರಿಷ್ಠ ಮಿತಿ 1.5.

ಒಂದು ಲೆಕ್ಕ ಮಾಡೋಣ. ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಇದೆ, ಚಹಾ ಸೊಪ್ಪಿನಿಂದ ಇನ್ನೂ 2 ಸೇರಿತು ಎನ್ನಿ. ಡಿಕಾಕ್ಷನ್ನಿನಲ್ಲಿ 4 ಆಯಿತು! ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಏರುತ್ತದೆ. ಶಾಶ್ವತ ಹಲ್ಲುಗಳು ರೂಪುಗೊಳ್ಳುವ, ಸುಮಾರು ಎಂಟು ವರ್ಷದೊಳಗಿನ ಮಕ್ಕಳಲ್ಲಿ ಹೆಚ್ಚಿನ ಫ್ಲೋರೈಡು ಹಲ್ಲುಗಳ ಮೇಲೆ ಅಳಿಸಲಾಗದ ಬಿಳಿ, ಕಂದು ಮಚ್ಚೆಗಳನ್ನು ಮೂಡಿಸುತ್ತದೆ. ಇದೇ ದಂತ ಫ್ಲೋರೋಸಿಸ್.

ಆದ್ದರಿಂದ ಶಿಕ್ಷಕರು ಶಾಲೆಯ, ಮನೆಗಳ ನೀರನ್ನು ಪರೀಕ್ಷೆ ಮಾಡಿಸುವುದು ಮೊದಲ ಕೆಲಸ. ಜಿರ್ಕೋನಿಯಂ–ಅಲಿಜರಿನ್ ಬಣ್ಣದ ಸರಳ ಕಿಟ್ಟಿನಿಂದ ಫ್ಲೋರೈಡಿನ ಅಂದಾಜು ಸಿಗುತ್ತದೆ. ಚಿಕ್ಕ ಮಕ್ಕಳಿಗೆ ಚಹಾ ಬೇಡ. ದೊಡ್ಡವರು ಸುರಕ್ಷಿತ ನೀರಿನಲ್ಲಿ ಮಾಡಿದ ಚಹಾವನ್ನು ಸಕ್ಕರೆಯಿಲ್ಲದೆ ಕುಡಿದರೆ ಹಲ್ಲಿಗೆ ಅಷ್ಟಿಷ್ಟು ಲಾಭವುಂಟು. ಹಾಗೆಂದು ಹಲ್ಲುಜ್ಜುವುದನ್ನು ಮಾತ್ರ ಬಿಡಬೇಡಿ!