ಲಾವಂಚ: ಮದ್ದಿನ ಬೇರು, ಮಣ್ಣಿನ ಕಾವಲು



ಮಳೆಗಾಲ ಹತ್ತಿರ ಬಂದಿದೆ. ಈ ಬಾರಿಯ ಮಾಹಿತಿ ಲೇಖನಕ್ಕೆ ನಾವು ಲಾವಂಚವನ್ನು ಆರಿಸಿಕೊಂಡಿದ್ದೇವೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಕೊಡಕ್ಕೆ ಹಾಕುವ ಬೇರು ಎಂದು ನಮ್ಮೆಲ್ಲರ ಮನೆಯಲ್ಲೂ ಇದರ ಪರಿಚಯವಿದೆ. ಅದೇ ಬೇರು ಗುಡ್ಡದ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ, ಕೊಳಕು ನೀರಿನ ವಿಷವನ್ನೂ ಹೀರುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಈ ಮೂರು ಕೆಲಸಗಳನ್ನು ಒಂದೇ ಬುಡದಿಂದ ಮಾಡಿಸಿಕೊಳ್ಳಬಾರದು. ಏಕೆಂಬುದನ್ನು ಮುಂದೆ ವಿವರಿಸಿದ್ದೇವೆ.

ಹೆಸರು ಮತ್ತು ಗುಣ

ಲಾವಂಚವನ್ನು ಕನ್ನಡದಲ್ಲಿ ಲಾಮಂಚ, ಮುಡಿವಾಳ ಎಂದೂ ಕರೆಯುತ್ತಾರೆ. ಸಂಸ್ಕೃತದಲ್ಲಿ ಉಶೀರ, ಮರಾಠಿಯಲ್ಲಿ ವಾಳಾ, ಹಿಂದಿಯಲ್ಲಿ ಖಸ್. ತಮಿಳಿನ 'ವೆಟ್ಟಿವೇರ್' ಎಂಬ ಹೆಸರೇ ವೆಟಿವರ್ ಆಗಿ ಜಗತ್ತಿಗೆಲ್ಲ ಹಬ್ಬಿತು. ಸಸ್ಯಶಾಸ್ತ್ರದಲ್ಲಿ ಇದರ ಈಗಿನ ಹೆಸರು ಕ್ರೈಸೋಪೋಗನ್ ಜಿಜಾನಿಯಾಯ್ಡಿಸ್. ಇದು ಗಿಡವಲ್ಲ, ಎತ್ತರಕ್ಕೆ ಬೆಳೆಯುವ ಒಂದು ಹುಲ್ಲು.

ಆಯುರ್ವೇದದಲ್ಲಿ ಇದನ್ನು ಶೀತ ಗುಣದ ದ್ರವ್ಯವೆಂದು ಹೇಳಿದ್ದಾರೆ. ಜ್ವರದಲ್ಲಿ ಬಾಯಾರಿಕೆ, ಉರಿ ತಗ್ಗಿಸಲು ಕೊಡುವ ಷಡಂಗ ಪಾನೀಯದ ಆರು ವಸ್ತುಗಳಲ್ಲಿ ಭದ್ರಮುಷ್ಟಿ, ಶ್ರೀಗಂಧ, ಶುಂಠಿಗಳ ಜೊತೆ ಲಾವಂಚವೂ ಒಂದು. ಉಶೀರಾಸವಕ್ಕೆ ಹೆಸರು ಬಂದಿರುವುದೇ ಇದರಿಂದ. ಬೇರಿನಿಂದ ತೆಗೆಯುವ ಎಣ್ಣೆಗೆ ಸುಗಂಧದ್ರವ್ಯದ ಉದ್ಯಮದಲ್ಲಿ ಒಳ್ಳೆಯ ಬೆಲೆಯಿದೆ. ಲಖನೌದಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯವರು (ಸಿಮ್ಯಾಪ್) ಇದಕ್ಕಾಗಿಯೇ ತಳಿಗಳನ್ನು ಬಿಡುಗಡೆ ಮಾಡಿದ್ದಾರೆ.

ಔಷಧಿ ಸಸ್ಯಗಳ ಅಧ್ಯಯನ ಗೋವಾಕ್ಕೆ ಹೊಸದಲ್ಲ. ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯ ಭಾರತದ ಮದ್ದುಗಳ ಕುರಿತು ಬರೆದ ಗ್ರಂಥ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಪಣಜಿಯ ಉದ್ಯಾನಕ್ಕೆ ಇಟ್ಟಿರುವುದು ಅವರದೇ ಹೆಸರು.

ಇಲ್ಲಿಯ ಮಣ್ಣು, ನಮ್ಮೂರಿನ ಮಣ್ಣು

ನಮ್ಮ ಸದಸ್ಯರಲ್ಲಿ ಬಹುಪಾಲು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ ಕಡೆಯವರು. ಎರೆ ಹೊಲಕ್ಕೆ ಒಡ್ಡು ಹಾಕಿ ಮಣ್ಣು, ನೀರು ಎರಡನ್ನೂ ಉಳಿಸಿಕೊಳ್ಳುವುದನ್ನು ಕಂಡವರು. ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಗೋವಾದಲ್ಲಿ ಸುಮಾರು 3000 ಮಿ.ಮೀ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ, ಅದೂ ಇಳಿಜಾರಿನ ಜಂಬಿಟ್ಟಿಗೆ ಮಣ್ಣಿನ ಮೇಲೆ ಸುರಿಯುತ್ತದೆ. ಮರ, ಹುಲ್ಲು ಇರುವವರೆಗೆ ಆ ಮಣ್ಣು ನಿಲ್ಲುತ್ತದೆ. ಮನೆಗೆಂದೋ ರಸ್ತೆಗೆಂದೋ ಗುಡ್ಡ ಕಡಿದರೆ ಕೆಂಪು ನೀರಾಗಿ ಕೆಳಗಿಳಿಯುತ್ತದೆ.

ಗಣಿಗಾರಿಕೆಯ ತಾಲ್ಲೂಕುಗಳಲ್ಲಿ ಈ ತೊಂದರೆ ಇನ್ನೂ ದೊಡ್ಡದು. ಒಂದು ಟನ್ ಕಬ್ಬಿಣದ ಅದಿರು ತೆಗೆಯಲು ಎರಡೂವರೆಯಿಂದ ಮೂರು ಟನ್ ಬೇಡದ ಮಣ್ಣು, ಕಲ್ಲು ಹೊರಗೆ ಸುರಿಯಬೇಕಾಗುತ್ತದೆ. ಡಿಚೋಲಿ, ಸತ್ತರಿ, ಸಾಂಗೆ ಕಡೆ ಕಾಣುವ ಕೆಂಪು ದಿಬ್ಬಗಳು ಇವೇ. 2012ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮವರೂ ಸೇರಿ ಅನೇಕರ ಕೆಲಸ ಹೋಯಿತು. ದಿಬ್ಬಗಳು ಮಾತ್ರ ಹೋಗಲಿಲ್ಲ. ಮಳೆಗೆ ಅವುಗಳಿಂದ ಜಾರಿದ ಮಣ್ಣು ಗದ್ದೆ, ಹಳ್ಳ, ಹೊಳೆಗಳನ್ನು ಸೇರುತ್ತದೆ.

ಗುಂಡ್ಲುಪೇಟೆಯ ಬೇಲಿ

ಮಣ್ಣು ಹಿಡಿಯಲು ಲಾವಂಚ ನೆಡುವ ಪದ್ಧತಿಯ ಒಂದು ಮೂಲ ನಮ್ಮ ಕರ್ನಾಟಕದಲ್ಲೇ ಇದೆ ಎಂಬುದು ಹೆಮ್ಮೆಯ ಸಂಗತಿ. ಇಂದಿನ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಲಾವಂಚದ ಸಾಲು ಹಾಕುತ್ತಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರು ಮಣ್ಣಿನ ಒಡ್ಡಿಗಿಂತ ಅಗ್ಗದ ಉಪಾಯ ಹುಡುಕುತ್ತಿದ್ದರು. ಅವರಲ್ಲಿ ಜಾನ್ ಗ್ರೀನ್‌ಫೀಲ್ಡ್ ಎಂಬವರು 1950ರ ದಶಕದಲ್ಲೇ ಫಿಜಿಯ ಕಬ್ಬಿನ ತೋಟಗಳಲ್ಲಿ ಈ ಹುಲ್ಲನ್ನು ಬಳಸಿ ನೋಡಿದ್ದರು. ಅವರು ಬರೆದ ಕೈಪಿಡಿಯಿಂದ ಈ ಪದ್ಧತಿ ಅನೇಕ ದೇಶಗಳಿಗೆ ಹೋಯಿತು. ಥಾಯ್ಲೆಂಡಿನಲ್ಲಿ ದೊರೆ ಭೂಮಿಬೋಲ್ ಅವರೇ ಮುಂದೆ ನಿಂತು 1990ರ ದಶಕದಲ್ಲಿ ಇದನ್ನು ಪ್ರಚಾರ ಮಾಡಿದರು. ಲಾವಂಚದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಅಲ್ಲಿಯೇ, 1996ರಲ್ಲಿ.

ಇದು ಕೆಲಸ ಮಾಡುವ ರೀತಿ ಸರಳವಾಗಿದೆ. ಸಾಮಾನ್ಯ ಹುಲ್ಲಿನ ಬೇರು ಮೇಲೆಮೇಲೆ ಹರಡುತ್ತದೆ. ಲಾವಂಚದ ಬೇರು ನೇರ ಕೆಳಗೆ, ಮಣ್ಣು ಸಡಿಲವಿದ್ದರೆ ಮೂರು ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತದೆ. ಬೇರಿನ ಎಳೆತ ತಾಳುವ ಶಕ್ತಿ ಸಾಮಾನ್ಯ ಉಕ್ಕಿನ ಆರನೇ ಒಂದು ಪಾಲಿನಷ್ಟಿದೆ ಎಂದು ಅಳೆದಿದ್ದಾರೆ. ಮೇಲೆ ಒತ್ತಾಗಿ ನಿಂತ ಬಿರುಸಾದ ಬುಡಗಳು ಹರಿದು ಬರುವ ನೀರನ್ನು ತಡೆದು, ನಿಧಾನಿಸಿ, ಉದ್ದಕ್ಕೂ ಹರಡಿಬಿಡುತ್ತವೆ. ನೀರು ದಾಟುತ್ತದೆ, ಮಣ್ಣು ಹಿಂದೆ ಉಳಿಯುತ್ತದೆ. ವರ್ಷ ಕಳೆದಂತೆ ಸಾಲಿನ ಹಿಂದೆ ತಾನಾಗಿಯೇ ಮೆಟ್ಟಿಲಿನಂತೆ ಮಣ್ಣು ಕೂಡುತ್ತದೆ.

ಓಲ್ಡ್ ಗೋವಾ ಬಳಿಯ ಎಲಾದಲ್ಲಿ ಕೇಂದ್ರ ಸರ್ಕಾರದ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳು ಗೇರು ತೋಟದ ಇಳಿಜಾರಿನಲ್ಲಿ ಅಡ್ಡ ಕಂದಕ ತೋಡಿ, ಅದರ ಜೊತೆ ಸಸ್ಯಗಳ ಸಾಲು ಬೆಳೆಸಿ ಮಣ್ಣಿನ ಸವಕಳಿಯನ್ನು ಅಳೆದು ನೋಡಿದ್ದಾರೆ. ಕಂದಕ ಮತ್ತು ಹಸಿರು ಸಾಲು ಎರಡೂ ಒಟ್ಟಿಗಿದ್ದರೆ ಹೆಚ್ಚು ಪ್ರಯೋಜನ ಎಂಬುದು ಅದರ ತಾತ್ಪರ್ಯ.

ಇದರಿಂದ ಆಗದ ಕೆಲಸ

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದನ್ನು ನಾವ್ಯಾರೂ ಮರೆತಿಲ್ಲ. ಗೋವಾದಿಂದ ಕಾರವಾರ ದಾಟಿ ಮುಂದೆ ಹೋಗುವವರೆಲ್ಲರ ದಾರಿ ಅದು. ಅಂಥ ಆಳವಾದ ಕುಸಿತವನ್ನು ಲಾವಂಚ ತಡೆಯಲಾರದು. ಮೇಲಿನ ಒಂದೆರಡು ಮೀಟರ್ ಮಣ್ಣು ಕೊಚ್ಚಿಹೋಗುವುದನ್ನು, ಸಣ್ಣ ಜಾರಿಕೆಯನ್ನು ತಡೆಯುವುದಷ್ಟೇ ಇದರ ಕೆಲಸ. ಗುಡ್ಡವನ್ನು ನೆಟ್ಟಗೆ ಕಡಿದು, ಕೆಳಗೆ ಮನೆ ಕಟ್ಟಿ, ಮೇಲೆ ನಾಲ್ಕು ಬುಡ ನೆಟ್ಟರೆ ಜೀವಕ್ಕೆ ರಕ್ಷಣೆಯಿಲ್ಲ. ಗೋವಾದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17-ಎ ಕಲಮಿನ ಪ್ರಕಾರ ಅನುಮತಿ ಇಲ್ಲದೆ ಗುಡ್ಡ ಕಡಿಯುವುದು ಅಪರಾಧ ಎಂಬುದನ್ನೂ ಸದಸ್ಯರ ಗಮನಕ್ಕೆ ತರುತ್ತೇವೆ. ಗುತ್ತಿಗೆದಾರರು "ಆಮೇಲೆ ನೋಡಿಕೊಳ್ಳೋಣ" ಎಂದರೂ ಕಾಗದಪತ್ರ ನೋಡದೆ ಕೆಲಸ ಹಿಡಿಯಬೇಡಿ. ಬುಡದಲ್ಲಿ ಪಾಯ ತೋಡುತ್ತಾ ನಿಲ್ಲುವವರು ನಮ್ಮವರೇ.

ಮದ್ದಿಗೆ ಬೇರೆ, ಮಣ್ಣಿಗೆ ಬೇರೆ

ಲೇಖನದ ಮುಖ್ಯ ಮಾತು ಇದು. ಔಷಧಿಗೆ ಬೇಕಾದದ್ದು ಬೇರು. ಬೇರು ಬೇಕೆಂದರೆ ಇಡೀ ಬುಡ ಅಗೆಯಬೇಕು. ಇಳಿಜಾರಿನಲ್ಲಿ ಅಗೆದರೆ, ಇಷ್ಟು ದಿನ ಹಿಡಿದಿಟ್ಟ ಮಣ್ಣು ಮುಂದಿನ ಮಳೆಗೇ ಸಡಿಲವಾಗಿ ಹೋಗುತ್ತದೆ. ಆದ್ದರಿಂದ ಕಾವಲಿಗೆ ನೆಟ್ಟ ಸಾಲನ್ನು ಕೀಳಕೂಡದು.

ಎರಡನೆಯದು ಆರೋಗ್ಯದ ವಿಚಾರ. ಆಸ್ಟ್ರೇಲಿಯಾದ ಪಾಲ್ ಟ್ರುಆಂಗ್ ಮೊದಲಾದ ವಿಜ್ಞಾನಿಗಳು ಲಾವಂಚವನ್ನು ಗಣಿ ತ್ಯಾಜ್ಯದ ಮೇಲೆ, ಕೊಳಚೆ ನೀರಿನಲ್ಲಿ ಬೆಳೆಸಿ ಪರೀಕ್ಷಿಸಿದ್ದಾರೆ. ಬೇರೆ ಸಸ್ಯಗಳು ಸಾಯುವಷ್ಟು ಆರ್ಸೆನಿಕ್, ಕ್ಯಾಡ್ಮಿಯಂ ಮೊದಲಾದವನ್ನು ಇದು ತಾಳಿಕೊಳ್ಳುತ್ತದೆ. ಹೀರಿದ ಇಂಥ ಭಾರಲೋಹಗಳಲ್ಲಿ ಹೆಚ್ಚಿನ ಪಾಲು ಎಲೆಗೆ ಏರದೆ ಬೇರಿನಲ್ಲೇ ಉಳಿಯುತ್ತದೆ. ಪರಿಸರಕ್ಕೆ ಇದು ಉಪಕಾರ. ಆದರೆ ನಾವು ನೀರಿನ ಕೊಡಕ್ಕೆ ಹಾಕುವುದು ಅದೇ ಬೇರನ್ನಲ್ಲವೇ? ಗಣಿ ದಿಬ್ಬದ, ಗಟಾರದ ಪಕ್ಕದ, ಕಾರ್ಖಾನೆ ನೀರು ಹರಿಯುವ ಜಾಗದ ಲಾವಂಚವನ್ನು ಎಷ್ಟೇ ಘಮ ಬಂದರೂ ಮನೆಗೆ ತರಬೇಡಿ. ವಾಸನೆಯಿಂದ ವಿಷ ತಿಳಿಯುವುದಿಲ್ಲ. ಕುಡಿಯುವ ನೀರಿಗೆ ನಂಬಿಕೆಯ ಗ್ರಂಥಿಗೆ ಅಂಗಡಿಯದು ಅಥವಾ ಸ್ವಚ್ಛ ಮಣ್ಣಿನ ಕುಂಡದಲ್ಲಿ ನೀವೇ ಬೆಳೆಸಿದ್ದು ಆಗಬೇಕು. ಕಾಯಿಲೆಗೆ ಮದ್ದಾಗಿ ಬಳಸುವವರು ವೈದ್ಯರನ್ನು ಕೇಳಿಯೇ ಬಳಸಿ.

ನೆಡುವ ವಿಧಾನ

1. ದಕ್ಷಿಣ ಭಾರತದ ಬಗೆಯನ್ನೇ ನೆಡಿ. ಇದು ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲವಾದ್ದರಿಂದ ಕಳೆಯಾಗಿ ಹರಡುವ ಭಯವಿಲ್ಲ. ಬುಡ ಸೀಳಿ ತೆಂಡೆಗಳನ್ನು ನೆಡಬೇಕು.

2. ಎಲೆಯನ್ನು ಸುಮಾರು 20 ಸೆಂ.ಮೀ., ಬೇರನ್ನು 10 ಸೆಂ.ಮೀ. ಉಳಿಸಿ ಕತ್ತರಿಸಿ. ಮಳೆ ಹಿಡಿದ ಕೂಡಲೇ ನೆಡಿ.

3. ಸಾಲು ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿರಲಿ. ತೆಂಡೆಯಿಂದ ತೆಂಡೆಗೆ 10-15 ಸೆಂ.ಮೀ. ಸಾಕು. ನಡುವೆ ಕಿಂಡಿ ಬಿಟ್ಟರೆ ನೀರು ಅಲ್ಲೇ ನುಗ್ಗುತ್ತದೆ. ಒಣಗಿದ ಕಡೆ ಮತ್ತೆ ನೆಡಿ.

4. ಬಿಸಿಲು ಬೇಕು. ದಟ್ಟ ನೆರಳಿನಲ್ಲಿ ಏಳುವುದಿಲ್ಲ. ಎಳೆಯದನ್ನು ದನ ಮೇಯದಂತೆ ನೋಡಿಕೊಳ್ಳಿ.

5. ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಸಾಲು ಒತ್ತಾಗುತ್ತದೆ. ಬೇಲಿ ಪೂರ್ತಿ ಕೂಡಿಕೊಳ್ಳಲು ಒಂದೆರಡು ವರ್ಷ ಬೇಕು.

ಮನೆಯ ಹಿಂದೆ ಇಳಿಜಾರು ಇರುವ ಸದಸ್ಯರು, ಬಾಡಿಗೆ ಮನೆಯವರಾದರೆ ಮಾಲೀಕರನ್ನು ಕೇಳಿಕೊಂಡು, ಎಷ್ಟು ಮೀಟರ್ ಸಾಲು ಬೇಕೆಂದು ಸಂಘಕ್ಕೆ ತಿಳಿಸಿದರೆ ತೆಂಡೆ ತರಿಸುವ ವ್ಯವಸ್ಥೆ ಮಾಡುತ್ತೇವೆ. ಹತ್ತು ಮೀಟರಿಗೆ ಸುಮಾರು ನೂರು ತೆಂಡೆ ಎಂದು ಲೆಕ್ಕ ಹಿಡಿಯಿರಿ. ಊರಲ್ಲಿ ಒಡ್ಡು ಹಾಕಿ ಅನುಭವವಿರುವ ಹಿರಿಯರು ನೆಡುವ ದಿನ ಬಂದು ಹುಡುಗರಿಗೆ ಮಟ್ಟ ಹಿಡಿಯುವುದನ್ನು ತೋರಿಸಿಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ