ಹುಬ್ಬಳ್ಳಿಯ ನೇರಕ್ಕೊಂದು ಗುರುತ್ವದ ತಗ್ಗು

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಎಲ್ಲರ ಬಾಯಲ್ಲಿ ಬರೀ ಎಂಸಿಎಫ್. ಅಲ್ಲಿನ ದೈತ್ಯ ಬಿಳಿ ಡಿಶ್‌ಗಳು ಎಷ್ಟು ಹೊತ್ತು ನೋಡಿದರೂ ಅಲುಗಾಡಿದಂತೆ ಕಾಣುವುದಿಲ್ಲ. ಮೇಲಿನ ಉಪಗ್ರಹಗಳೂ ಹೀಗೇ ತಣ್ಣಗೆ ನಿಂತಿರಬೇಕು, ಒಮ್ಮೆ ಹಾರಿಸಿಬಿಟ್ಟರೆ ಮುಗಿಯಿತು ಎನ್ನಿಸುತ್ತದೆ. ಅವು ಇಟ್ಟಲ್ಲಿ ನಿಲ್ಲುವ ಜಾತಿಯಲ್ಲ. 1982ರಿಂದ ಇಲ್ಲಿನವರು ಹಗಲು ರಾತ್ರಿ ಪಾಳಿ ಮಾಡುತ್ತಿರುವುದೇ ಅದಕ್ಕೆ.

ಬಾಹ್ಯಾಕಾಶದಲ್ಲಿ ಗುರುತ್ವವೇ ಇಲ್ಲ, ಆದ್ದರಿಂದ ಉಪಗ್ರಹ ಬೀಳುವುದಿಲ್ಲ ಎಂಬ ಮಾತು ಇನ್ನೂ ಚಲಾವಣೆಯಲ್ಲಿದೆ. ಶುದ್ಧ ತಪ್ಪು. ಭೂಸ್ಥಿರ ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಮೂರು ಕಿ.ಮೀ.ಗಿಂತ ತುಸು ಹೆಚ್ಚು ವೇಗದಲ್ಲಿ ಓಡುತ್ತದೆ. ಅದೇ ಸೆಕೆಂಡಿನಲ್ಲಿ ಭೂಮಿಯ ಕಡೆಗೆ ಸುಮಾರು 11 ಸೆಂ.ಮೀ. ಬೀಳುತ್ತದೆ. ಆ ಬೀಳುವಿಕೆಯೇ ನೇರ ದಾರಿಯನ್ನು ಬಗ್ಗಿಸಿ ವೃತ್ತ ಮಾಡುವುದು. ನ್ಯೂಟನ್ ಬೆಟ್ಟದ ತುದಿಯಿಂದ ಹಾರಿಸಿದ ಕಲ್ಪನೆಯ ಗುಂಡು, ಭೂಸ್ಥಿರ ಉಪಗ್ರಹಗಳ ಕನಸು ಕಂಡ 1945ರ ಆರ್ಥರ್ ಕ್ಲಾರ್ಕ್ ಲೇಖನ, ಮೊದಲ ಭೂಸ್ಥಿರ ಉಪಗ್ರಹವಾದ 1964ರ ಸಿಂಕಾಮ್ 3 ಎಲ್ಲ ಇದೇ ದಾರಿಯಲ್ಲಿ ಬಂದವು.

ಸ್ವಾರಸ್ಯ ಇರುವುದು ಆಚೆಗೆ. ಭೂಮಿ ಧ್ರುವಗಳಲ್ಲಿ ಚಪ್ಪಟೆ ಎನ್ನುವುದು ಗೊತ್ತಿದ್ದದ್ದೇ. ಆದರೆ ಸಮಭಾಜಕ ವೃತ್ತವೂ ಪೂರ್ತಿ ದುಂಡಗಿಲ್ಲ. ಒಂದು ದಿಕ್ಕಿನ ತ್ರಿಜ್ಯಕ್ಕೂ ಅಡ್ಡ ದಿಕ್ಕಿನದಕ್ಕೂ ಸುಮಾರು 70 ಮೀಟರ್ ವ್ಯತ್ಯಾಸ. 6,378 ಕಿ.ಮೀ. ತ್ರಿಜ್ಯದ ಮುಂದೆ ಇದ್ಯಾವ ಲೆಕ್ಕ? ಆದರೂ 1963ರಲ್ಲಿ ಹಾರಿದ ಸಿಂಕಾಮ್ 2 ಮೆಲ್ಲಗೆ ಜಾರುತ್ತಾ ಹೋದದ್ದು ಈ ಪುಟ್ಟ ಉಬ್ಬಿನಿಂದಲೇ. ಆ ಜಾರುವಿಕೆಯನ್ನೇ ಹಿಡಿದು ನಾಸಾದವರು ಉಬ್ಬನ್ನು ಅಳೆದರು.

ಒಂದು ಉಬ್ಬು ಅಟ್ಲಾಂಟಿಕ್ ಕಡೆ, ಇನ್ನೊಂದು ಪೆಸಿಫಿಕ್ ಕಡೆ. ನಡುವೆ ಎರಡು ತಗ್ಗು. ಒಂದು ಅಮೆರಿಕದ ಕಡೆ, 105 ಡಿಗ್ರಿ ಪಶ್ಚಿಮದಲ್ಲಿ. ಇನ್ನೊಂದು 75 ಡಿಗ್ರಿ ಪೂರ್ವದಲ್ಲಿ. ಅಟ್ಲಾಸ್ ತೆಗೆದು ಹಿಂದೂ ಮಹಾಸಾಗರದಿಂದ ಆ ಗೆರೆ ಹಿಡಿದು ಉತ್ತರಕ್ಕೆ ಬಂದರೆ ಕಾಸರಗೋಡು, ಬಂಟ್ವಾಳ, ಆಮೇಲೆ ಸಾಕ್ಷಾತ್ ಹುಬ್ಬಳ್ಳಿ-ಧಾರವಾಡ! ಬಟ್ಟಲಿಗೆ ಬಿಟ್ಟ ಗೋಲಿಯಂತೆ, ಹೇಳುವವರು ಕೇಳುವವರು ಇಲ್ಲದ ಉಪಗ್ರಹಗಳು ಈ ತಗ್ಗಿನ ಅತ್ತಿತ್ತ ತೂಗಾಡುತ್ತವೆ.

ತೂಗಾಟದ ಲೆಕ್ಕವೂ ತಲೆಕೆಳಗು. ಡಿಡಿ ಫ್ರೀ ಡಿಶ್ ಹಾಕಿಸಿಕೊಂಡ ಧಾರವಾಡದ ಮನೆಗಳಲ್ಲಿ ಬುಟ್ಟಿ ಆಗ್ನೇಯಕ್ಕೆ ಮುಖ ಮಾಡಿರುತ್ತದೆ; ಅದು ನೋಡುತ್ತಿರುವುದು 93.5 ಡಿಗ್ರಿಯ ಜಿಸ್ಯಾಟ್-15ನ್ನು. ಪೆಸಿಫಿಕ್ ಉಬ್ಬು ಆ ಉಪಗ್ರಹವನ್ನು ಪೂರ್ವಕ್ಕೆ ಎಳೆಯುತ್ತದೆ, ಅದು ಜಾರುವುದು ಮಾತ್ರ ಪಶ್ಚಿಮಕ್ಕೆ! ಮುಂದಕ್ಕೆ ಎಳೆದಾಗ ಅದಕ್ಕೆ ಶಕ್ತಿ ಸಿಕ್ಕಿ ಕಕ್ಷೆ ಮೇಲೇರುತ್ತದೆ. ಮೇಲಿನ ಕಕ್ಷೆಯಲ್ಲಿ ಒಂದು ಸುತ್ತಿಗೆ ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಭೂಮಿ ಮುಂದೆ ಹೋಗಿರುತ್ತದೆ. ಅದನ್ನು ಪೂರ್ವಕ್ಕೆ ತರಬೇಕಾದರೆ ಹಾಸನದವರು ಮುಂದಕ್ಕೆ ತಳ್ಳುವುದಿಲ್ಲ; ವೇಗ ತಗ್ಗಿಸುತ್ತಾರೆ. ಉಪಗ್ರಹ ತುಸು ಕೆಳಗಿಳಿದು, ಬೇಗ ಸುತ್ತಿ, ತಾನೇ ಜಾಗಕ್ಕೆ ಬರುತ್ತದೆ.

ಹಾಗಾದರೆ ಎಲ್ಲವನ್ನೂ ಹುಬ್ಬಳ್ಳಿಯ ನೇರಕ್ಕೇ ಇಟ್ಟು ಇಂಧನ ಉಳಿಸಬಾರದೇ? ಉಳಿಯುವುದು ಚಿಲ್ಲರೆ. ಈ ಜಾರಿಕೆ ತಡೆಯಲು ವರ್ಷಕ್ಕೆ ಹೆಚ್ಚೆಂದರೆ ಸೆಕೆಂಡಿಗೆ ಎರಡು ಮೀಟರ್‌ನಷ್ಟು ವೇಗ ಬದಲಿಸಬೇಕು. ಸೂರ್ಯ, ಚಂದ್ರರು ಕಕ್ಷೆಯನ್ನು ಓರೆ ಮಾಡುವುದನ್ನು ತಡೆಯಲು 50 ಮೀಟರ್‌ನಷ್ಟು ಬೇಕು. ಅದಕ್ಕೆ ಎಲ್ಲಿದ್ದರೂ ವಿನಾಯಿತಿ ಇಲ್ಲ.

ಮೇಲಾಗಿ ತಗ್ಗಿನ ನೆರೆಹೊರೆ ಅಷ್ಟೇನೂ ಒಳ್ಳೆಯದಲ್ಲ. 1997ರಲ್ಲಿ ಕೆಟ್ಟ ಟೆಲ್‌ಸ್ಟಾರ್ 401 ಅಮೆರಿಕದ ಕಡೆಯ ತಗ್ಗಿನಲ್ಲಿ ಸಿಕ್ಕಿಬಿದ್ದು, ಬದುಕಿರುವ ಉಪಗ್ರಹಗಳ ಮುಂದೆ ಮತ್ತೆ ಮತ್ತೆ ಹಾದುಹೋಗುತ್ತಿದೆ. ಹೀಗಾಗಿ ಆಯಸ್ಸು ಮುಗಿಯುವ ಹೊತ್ತಿಗೆ ಒಂದಿಷ್ಟು ಇಂಧನ ಉಳಿಸಿಕೊಂಡು, ಉಪಗ್ರಹವನ್ನು ಸುಮಾರು 300 ಕಿ.ಮೀ. ಮೇಲಕ್ಕೆ ಕಳಿಸಿ ಆಮೇಲೆ ಆರಿಸುವುದು ಈಗಿನ ಪದ್ಧತಿ. ಇಂಧನ ಎಷ್ಟು ಉಳಿದಿದೆ ಎಂದು ಕರಾರುವಾಕ್ಕಾಗಿ ಅಳೆಯುವುದು ಮಾತ್ರ ಇವತ್ತಿಗೂ ಸುಲಭವಲ್ಲ.