ಬಾಯಲ್ಲಿ ಬರುವುದು ಕೈಯಲ್ಲಿ ಬಾರದಾಗ

‘ಕೇಳಿದ್ದಕ್ಕೆಲ್ಲ ಬಾಯಲ್ಲಿ ಪಟಪಟ ಅಂತ ಹೇಳ್ತಾನೆ, ಬರಿ ಅಂದ್ರೆ ಮಾತ್ರ ಆಗಲ್ಲ.’ ಶಿವಮೊಗ್ಗ, ಭದ್ರಾವತಿಯ ಮನೆಗಳಲ್ಲಿ ಹೋಂವರ್ಕ್ ಹೊತ್ತಿಗೆ ಇಂಥ ಮಾತು ಬಂದರೆ ಅದನ್ನು ಸೋಮಾರಿತನದ ದೂರೆಂದು ತಳ್ಳಿಹಾಕಬೇಡಿ. ಅದು ಡಿಸ್‌ಗ್ರಾಫಿಯಾ, ಅಂದರೆ ಬರವಣಿಗೆಯ ನ್ಯೂನತೆ ಇರಬಹುದು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಅಕ್ಷರದ ರೂಪ ನೆನಪಿಗೆ ತಂದು ಬೆರಳಿಗೆ ದಾಟಿಸುವಲ್ಲಿ ಮಿದುಳಿಗೆ ತೊಡಕಾಗುತ್ತದೆ.

ಭದ್ರಾವತಿಯ ಮಗು ತನ್ನೂರಿನ ಹೆಸರು ಬರೆಯುವುದನ್ನೇ ನೋಡಿ. ‘ಭ’ದ ಹೊಟ್ಟೆ ಸೀಳಬೇಕು. ‘ದ್ರಾ’ಕ್ಕೆ ದೀರ್ಘವೂ ಬೇಕು, ಒತ್ತೂ ಬೇಕು. ‘ತಿ’ಗೆ ಗುಡಿಸು. ಓರಗೆಯ ಮಕ್ಕಳಿಗೆ ಇದೆಲ್ಲ ಕೈರೂಢಿಯಾಗಿರುತ್ತದೆ. ಈ ಮಗುವಿಗೆ ಪ್ರತಿಸಲವೂ ಹೊಸದಾಗಿ ಕಲಿತ ಹಾಗೆ. ಪೆನ್ಸಿಲ್ ಬಿಗಿಹಿಡಿದು ಬೆರಳು ನೋಯುತ್ತದೆ, ಒತ್ತಕ್ಷರ ಕೆಳಗಿನ ಗೆರೆಗೆ ಜಾರುತ್ತದೆ, ಅಷ್ಟರಲ್ಲಿ ಬೋರ್ಡ್ ಅಳಿಸಿಯಾಗಿರುತ್ತದೆ. ಗಮನವೆಲ್ಲ ಅಕ್ಷರಕ್ಕೇ ಹೋಗಿ, ಗೊತ್ತಿದ್ದ ಉತ್ತರವೂ ಮರೆಯುತ್ತದೆ. ‘ಕಾಗೆ ಕಾಲು ಗುಬ್ಬಿ ಕಾಲು’ ಎಂದು ಬೈಸಿಕೊಂಡ ಮಗುವಿಗೆ ಉಕ್ತಲೇಖನದ ದಿನ ಹೊಟ್ಟೆನೋವು ಬಂದರೆ ಅದು ನೆಪವಲ್ಲ, ಭಯ. ಹತ್ತು ಸಲ ಬರೆಸುವ ಶಿಕ್ಷೆ ಆ ಭಯವನ್ನು ಹೆಚ್ಚಿಸುತ್ತದೆಯೇ ಹೊರತು ಅಕ್ಷರವನ್ನು ತಿದ್ದುವುದಿಲ್ಲ.

ಹಕ್ಕು ಇದೆ, ಕೇಳಬೇಕು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಅದರಡಿ ಡಿಸ್‌ಗ್ರಾಫಿಯಾದ ಹೆಸರೇ ಇದೆ. ಬರೆಯಲು ಕೈ ಸಹಕರಿಸದ ವಿಕಾಸ್ ಕುಮಾರ್ ಯುಪಿಎಸ್‌ಸಿ ಪರೀಕ್ಷೆಗೆ ಲಿಪಿಕಾರರನ್ನು ಕೇಳಿದ ಪ್ರಕರಣದಲ್ಲಿ, ಶೇ 40ರಷ್ಟು ನ್ಯೂನತೆ ಇದ್ದರಷ್ಟೇ ಈ ಸೌಲಭ್ಯ ಎನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಪ್ರಮಾಣಪತ್ರವಿದ್ದವರಿಗೆ ಲಿಪಿಕಾರರ ನೆರವು, ಹೆಚ್ಚುವರಿ ಸಮಯ ಸಿಗುತ್ತದೆ.

ಆದರೆ ಹತ್ತನೇ ತರಗತಿವರೆಗೆ ಕಾಯುವುದು ಮಗುವಿಗೆ ಮಾಡುವ ಅನ್ಯಾಯ. ಎಂಟು ವರ್ಷದ ಹೊತ್ತಿಗೆ ತೊಡಕು ಸ್ಪಷ್ಟವಾಗತೊಡಗುತ್ತದೆ. ಅನುಮಾನ ಬಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ಹೆಚ್ಚಿನ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಶಾಲೆ ಮಾಡಬಹುದಾದ್ದಕ್ಕೆ ಖರ್ಚಿಲ್ಲ. ಅಗಲ ಗೆರೆಯ ಕಾಪಿ ಕೊಡಿ, ಬೋರ್ಡಿನಿಂದ ನಕಲು ಮಾಡಿಸುವುದನ್ನು ಕಡಿಮೆ ಮಾಡಿ, ಕಿರುಪರೀಕ್ಷೆಯ ಉತ್ತರವನ್ನು ಬಾಯಲ್ಲೇ ಕೇಳಿ. ಸಮಾಜ ಪಾಠಕ್ಕೆ ಕೊಡುವ ಅಂಕ ಸಮಾಜ ಪಾಠ ಗೊತ್ತಿರುವುದಕ್ಕೆ ಸಿಗಲಿ, ದುಂಡಗಿನ ಅಕ್ಷರಕ್ಕಲ್ಲ. ಗೊತ್ತಿದ್ದೂ ದಡ್ಡ ಅನ್ನಿಸಿಕೊಂಡ ಮಗುವಿಗೆ ನಾವು ಕೊಡಬೇಕಾದ ಮೊದಲ ನ್ಯಾಯ ಇದು.